ಅಂಡರ್‌ಗ್ರಾಜುಯೇಟ್ ಲಾ ರಿವ್ಯೂ ಸೇರುವುದು ಹೇಗೆ? ಅರ್ಜಿಯಿಂದ ಅಡಿಟಿಪ್ಪಣಿಯವರೆಗೆ

ಅಮೆರಿಕದಲ್ಲಿ ಕಾನೂನನ್ನು ಪದವಿಯ ನಂತರ ಓದುತ್ತಾರೆ. ಯಾವುದಾದರೂ ವಿಷಯದಲ್ಲಿ ನಾಲ್ಕು ವರ್ಷದ ಪದವಿ ಮುಗಿಸಬೇಕು, ಆಮೇಲೆ ಲಾ ಸ್ಕೂಲಿಗೆ ಅರ್ಜಿ ಹಾಕಿ ಮೂರು ವರ್ಷ ಓದಿದರೆ ಜೆ.ಡಿ. ಪದವಿ ಸಿಗುತ್ತದೆ. ಹಾಗಾಗಿ ಅಲ್ಲಿನ ಕಾಲೇಜಿನ ಮೊದಲ ವರ್ಷದಲ್ಲಿರುವ ಮಗಳು ‘ಲಾ ರಿವ್ಯೂಗೆ ಅರ್ಜಿ ಹಾಕಿದ್ದೇನೆ’ ಎಂದಾಗ ಮನೆಯವರಿಗೆ ಗೊಂದಲವಾಗುವುದು ಸಹಜ. ಕಾನೂನಿನ ಒಂದು ತರಗತಿಯನ್ನೂ ಕಾಣದವಳಿಗೆ ಕಾನೂನು ಪತ್ರಿಕೆಯಲ್ಲಿ ಏನು ಕೆಲಸ?

ಕೆಲಸವಿದೆ, ಅದೂ ಬೇಕಾದಷ್ಟು. ಅದಕ್ಕೆ ಬೇಕಾಗುವುದು ಕಾನೂನಿನ ಪಾಂಡಿತ್ಯವಲ್ಲ. ಯಾರೋ ಬರೆದ ಒಂದು ಸಾಲಿನ ಕೆಳಗೆ ಒಂದು ಆಧಾರ ಕೊಟ್ಟಿದ್ದರೆ, ಆ ಆಧಾರವನ್ನು ತೆರೆದು, ಅದು ನಿಜಕ್ಕೂ ಹಾಗೆ ಹೇಳುತ್ತದೆಯೇ ಎಂದು ನೋಡುವ ಚಟವಿರಬೇಕು. ಅರ್ಜಿ, ಪರೀಕ್ಷೆ, ಸಂದರ್ಶನ ಎಲ್ಲವೂ ಸುತ್ತಿ ಬಳಸಿ ಇದನ್ನೇ ಹುಡುಕುತ್ತವೆ. ಇದನ್ನು ಅರಿಯದೆ ‘ನನಗೆ ನ್ಯಾಯದ ಬಗ್ಗೆ ಅಪಾರ ಆಸಕ್ತಿ’ ಎಂದು ಪುಟಗಟ್ಟಲೆ ಬರೆದವರ ಅರ್ಜಿಗಳು ರಾಶಿಯಲ್ಲಿ ಉಳಿದುಬಿಡುತ್ತವೆ.

ಮೊದಲು: ಎರಡು ಬಗೆಯ ಲಾ ರಿವ್ಯೂ

ಲಾ ಸ್ಕೂಲುಗಳ ಲಾ ರಿವ್ಯೂಗಳೇ ಬೇರೆ. 1887ರಲ್ಲಿ ಶುರುವಾದ ಹಾರ್ವರ್ಡ್ ಲಾ ರಿವ್ಯೂ ಈ ಪರಂಪರೆಯ ದೊಡ್ಡ ಹೆಸರು. ಬರಾಕ್ ಒಬಾಮಾ 1990ರಲ್ಲಿ ಅದರ ಅಧ್ಯಕ್ಷರಾಗಿ ಆಯ್ಕೆಯಾದ ಮೊದಲ ಕಪ್ಪು ವಿದ್ಯಾರ್ಥಿ. ಅವುಗಳಿಗೆ ಜೆ.ಡಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ವರ್ಷ ಮುಗಿದ ಮೇಲೆ ಬರವಣಿಗೆಯ ಸ್ಪರ್ಧೆಯ ಮೂಲಕವೋ ಅಂಕಗಳ ಮೇಲೋ ಸೇರುತ್ತಾರೆ.

ಈ ಲೇಖನದ ವಿಷಯ ಎರಡನೆಯ ಬಗೆ. ಕೊಲಂಬಿಯಾ ಅಂಡರ್‌ಗ್ರಾಜುಯೇಟ್ ಲಾ ರಿವ್ಯೂ, ಪೆನ್ ಅಂಡರ್‌ಗ್ರಾಜುಯೇಟ್ ಲಾ ಜರ್ನಲ್, ಬ್ರೌನ್ ಅಂಡರ್‌ಗ್ರಾಜುಯೇಟ್ ಲಾ ರಿವ್ಯೂ ಮುಂತಾದವು ಪದವಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗಳು. ಬ್ರೌನ್‌ನಲ್ಲಿ ಲಾ ಸ್ಕೂಲೇ ಇಲ್ಲ, ಆದರೂ ಪತ್ರಿಕೆ ನಡೆಯುತ್ತದೆ. ಇವು ಬಹುಮಟ್ಟಿಗೆ ವಿಶ್ವವಿದ್ಯಾಲಯದ ಉಳಿದ ವಿದ್ಯಾರ್ಥಿ ಸಂಘಗಳಂತೆಯೇ ನಡೆಯುತ್ತವೆ. ರೆಸ್ಯುಮೆಯಲ್ಲಿ ಹಾಕುವಾಗ ಪೂರ್ತಿ ಹೆಸರು ಬರೆಯಿರಿ. ಬರೀ ‘ಲಾ ರಿವ್ಯೂ’ ಎಂದು ಬರೆದರೆ ಓದುವ ವಕೀಲರು ಮೊದಲ ಬಗೆಯದೆಂದು ತಿಳಿಯುತ್ತಾರೆ, ಗೊತ್ತಾದ ಮೇಲೆ ನಿಮ್ಮ ಉಳಿದ ಸಾಲುಗಳನ್ನೂ ಅನುಮಾನದಿಂದ ನೋಡುತ್ತಾರೆ.

ಇನ್ನೊಂದು ಮಾತು. ಇದು ಲಾ ಸ್ಕೂಲಿನ ಟಿಕೆಟ್ ಅಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ ಕಾನೂನು ಓದಲು ಇಂಥದ್ದೇ ಪದವಿ ವಿಷಯ ಬೇಕೆಂದು ಶಿಫಾರಸು ಮಾಡುವುದಿಲ್ಲ. ಪ್ರವೇಶದಲ್ಲಿ ಪದವಿಯ ಅಂಕಗಳ ಮತ್ತು ಎಲ್‌ಸ್ಯಾಟ್‌ನಂತಹ ಪ್ರವೇಶ ಪರೀಕ್ಷೆಯ ತೂಕವೇ ಹೆಚ್ಚು. ಪತ್ರಿಕೆಗಾಗಿ ಅಂಕ ಕಳೆದುಕೊಳ್ಳುವುದು ಲೆಕ್ಕಕ್ಕೆ ಬಾರದ ವ್ಯಾಪಾರ.

ಹೆಜ್ಜೆ 1: ಯಾವ ಕೆಲಸಕ್ಕೆ ಅರ್ಜಿ ಎಂದು ತೀರ್ಮಾನಿಸಿ

ಹುದ್ದೆಗಳ ಹೆಸರು ಪತ್ರಿಕೆಯಿಂದ ಪತ್ರಿಕೆಗೆ ಬದಲಾಗುತ್ತದೆ. ಆದರೆ ಕೆಲಸ ಸುಮಾರಾಗಿ ನಾಲ್ಕು ಬಗೆ. ಸ್ಟಾಫ್ ರೈಟರ್ ಸೆಮಿಸ್ಟರಿಗೆ ಒಂದೋ ಎರಡೋ ಲೇಖನ ಬರೆಯುತ್ತಾರೆ. ಎಡಿಟರ್‌ಗಳು ಇತರರ ಲೇಖನವನ್ನು ಹಲವು ಸುತ್ತು ತಿದ್ದುತ್ತಾರೆ. ಸೈಟ್ ಚೆಕ್, ಅಂದರೆ ಉಲ್ಲೇಖಗಳ ಪರಿಶೀಲನೆ, ಮಾಡುವವರು ಪ್ರತಿ ಅಡಿಟಿಪ್ಪಣಿಯ ಮೂಲವನ್ನು ಹುಡುಕಿ ತಾಳೆ ನೋಡುತ್ತಾರೆ. ಉಳಿದವರು ಪುಟವಿನ್ಯಾಸ, ವೆಬ್‌ಸೈಟ್, ಹಣಕಾಸು, ಕಾರ್ಯಕ್ರಮ ನೋಡಿಕೊಳ್ಳುತ್ತಾರೆ. ಇವರೆಲ್ಲರ ಮೇಲೆ ಮ್ಯಾನೇಜಿಂಗ್ ಎಡಿಟರ್ ಮತ್ತು ಮುಖ್ಯ ಸಂಪಾದಕರು ಇರುತ್ತಾರೆ. ಆ ಸ್ಥಾನಗಳಿಗೆ ಸಾಮಾನ್ಯವಾಗಿ ಒಳಗಿನವರನ್ನೇ ಆರಿಸುತ್ತಾರೆ.

ಹೊಸಬರೆಲ್ಲ ಬರಹಗಾರರಾಗಲು ಮುಗಿಬೀಳುತ್ತಾರೆ. ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಎಡಿಟರ್ ಅಥವಾ ಸೈಟ್ ಚೆಕ್ ಕೆಲಸಕ್ಕೆ ಹೋಗಿ. ಇತರರ ಐದಾರು ಲೇಖನಗಳ ಅಡಿಟಿಪ್ಪಣಿಗಳನ್ನು ಬಿಚ್ಚಿ ನೋಡಿದವರಿಗೆ ಕಾನೂನು ವಾದ ಹೇಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ. ಆಮೇಲೆ ಬರೆದರೆ ಬರಹಕ್ಕೆ ಬೆನ್ನೆಲುಬಿರುತ್ತದೆ.

ಹೆಜ್ಜೆ 2: ಹಳೆಯ ಸಂಚಿಕೆ ಓದಿ, ಆದರೆ ಕೆಳಗಿನಿಂದ

ಅರ್ಜಿ ತೆರೆಯುವ ಮೊದಲೇ ಆ ಪತ್ರಿಕೆಯ ಇತ್ತೀಚಿನ ಎರಡು ಸಂಚಿಕೆಗಳಿಂದ ಎರಡು ಮೂರು ಲೇಖನ ಆರಿಸಿಕೊಳ್ಳಿ. ಪೂರ್ತಿ ಓದಿದ ಮೇಲೆ ಅಡಿಟಿಪ್ಪಣಿಗಳಿಗೆ ಹೋಗಿ ಐದನ್ನು ಆಯ್ದು ಮೂಲ ತೆರೆಯಿರಿ. ಉಲ್ಲೇಖಿಸಿದ ಪುಟದಲ್ಲಿ ಆ ಮಾತಿದೆಯೇ? ಲೇಖಕರು ಅದನ್ನು ಹಿಗ್ಗಿಸಿದ್ದಾರೆಯೇ? ಒಂದು ಸಂಜೆಯ ಕೆಲಸ. ಸಂದರ್ಶನದಲ್ಲಿ ‘ನಮ್ಮ ಯಾವ ಲೇಖನ ಓದಿದ್ದೀರಿ’ ಎಂಬ ಪ್ರಶ್ನೆ ಬಂದಾಗ ನಿಮ್ಮ ಬಳಿ ಹೊಗಳಿಕೆಯ ಬದಲು ಹೇಳಲು ಏನಾದರೂ ಇರುತ್ತದೆ.

ಕಾನೂನು ಪತ್ರಿಕೆಗಳಲ್ಲಿ ಅಡಿಟಿಪ್ಪಣಿ ಯಾಕಿಷ್ಟು ದಟ್ಟ ಎಂದು ಅಚ್ಚರಿಯಾಗಬಹುದು. ಬೇರೆ ಶಾಸ್ತ್ರಗಳ ಪತ್ರಿಕೆಗಳಲ್ಲಿ ಲೇಖನವನ್ನು ಪರಿಶೀಲಿಸುವವರು ಅದೇ ಕ್ಷೇತ್ರದ ವಿದ್ವಾಂಸರು. ಅಮೆರಿಕದ ಲಾ ರಿವ್ಯೂಗಳಲ್ಲಿ ಲೇಖನ ಆರಿಸುವವರೂ ತಿದ್ದುವವರೂ ಬಹುಪಾಲು ವಿದ್ಯಾರ್ಥಿಗಳು. ಅನೇಕ ಬಾರಿ ಲೇಖಕರಿಗೆ ತಿಳಿದಷ್ಟು ವಿಷಯ ಅವರಿಗೆ ತಿಳಿದಿರುವುದಿಲ್ಲ. ಕಡಿಮೆ ಬಲ್ಲವರು ಹೆಚ್ಚು ಬಲ್ಲವರನ್ನು ತಿದ್ದಬೇಕಾದಾಗ ಕೈಗೆ ಸಿಗುವ ಆಯುಧ ಒಂದೇ: ‘ಇದಕ್ಕೆ ಆಧಾರ ತೋರಿಸಿ.’ ಈ ಪದ್ಧತಿಯನ್ನು ಬೈಯುವ ಪ್ರಾಧ್ಯಾಪಕರು ಬಹಳ ಮಂದಿ ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಹತ್ತೊಂಬತ್ತರ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಗುವುದು ಕಷ್ಟ.

ಹೆಜ್ಜೆ 3: ದಿನಾಂಕ

ಫಾಲ್ ಸೆಮಿಸ್ಟರ್ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಲ್ಲಿ ಶುರುವಾಗುತ್ತದೆ. ಸಂಘಗಳ ಮೇಳವೂ ಆಗಲೇ, ಅರ್ಜಿಗಳೂ ಆಗಲೇ. ಹಲವು ಪತ್ರಿಕೆಗಳು ಜನವರಿಯಲ್ಲಿ ಸ್ಪ್ರಿಂಗ್ ಸೆಮಿಸ್ಟರಿಗೆ ಮತ್ತೊಮ್ಮೆ ಕರೆಯುತ್ತವೆ. ಕಿಟಕಿ ತೆರೆದಿರುವುದು ಕೆಲವೇ ವಾರ. ಬೇಸಿಗೆಯಲ್ಲೇ ಪತ್ರಿಕೆಯ ಮೇಲಿಂಗ್ ಲಿಸ್ಟಿಗೆ ಸೇರಿಕೊಂಡು, ಬರವಣಿಗೆಯ ಮಾದರಿಯನ್ನು ಸಿದ್ಧವಾಗಿಟ್ಟುಕೊಂಡರೆ ಓಡಾಟ ತಪ್ಪುತ್ತದೆ.

ಹೆಜ್ಜೆ 4: ಬರವಣಿಗೆಯ ಮಾದರಿ

ಅರ್ಜಿಯಲ್ಲಿ ಸಾಮಾನ್ಯವಾಗಿ ಮೂರು ತುಂಡು: ರೆಸ್ಯುಮೆ, ಕೆಲವು ಕಿರು ಪ್ರಶ್ನೆಗಳು, ಬರವಣಿಗೆಯ ಮಾದರಿ. ಮಾದರಿಯೇ ನಿರ್ಣಾಯಕ.

ಕಾನೂನಿನ ಬಗ್ಗೆ ಬರೆದದ್ದೇ ಆಗಬೇಕಿಲ್ಲ. ಇತಿಹಾಸ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರ, ಕಂಪ್ಯೂಟರ್ ನೀತಿಶಾಸ್ತ್ರ ಯಾವುದೂ ನಡೆಯುತ್ತದೆ. ನಿಮಗೆ ಹೆಚ್ಚು ಅಂಕ ತಂದ ಪ್ರಬಂಧವನ್ನು ಕಳಿಸುವ ಆಸೆಯಾಗುತ್ತದೆ. ಅದಕ್ಕಿಂತ, ಒಂದು ನಿಲುವು ತೆಗೆದುಕೊಂಡು ಆಧಾರಗಳಿಂದ ಸಮರ್ಥಿಸಿ ಎದುರುವಾದಕ್ಕೂ ಉತ್ತರ ಕೊಟ್ಟ ಪ್ರಬಂಧ ಕಳಿಸಿ, ಅದಕ್ಕೆ ಅಂಕ ಸ್ವಲ್ಪ ಕಡಿಮೆ ಬಂದಿದ್ದರೂ ಸರಿ. ಕಥೆ, ಅನುಭವ ಬರಹ, ‘ಈ ವಿಷಯದ ಹಲವು ಮುಖಗಳು’ ಎಂಬಂಥ ಸಮೀಕ್ಷೆ ಕೆಲಸಕ್ಕೆ ಬಾರವು.

ಪುಟಮಿತಿ ಮೀರಿದರೆ ಅಲ್ಲಲ್ಲಿ ಕತ್ತರಿಸಿ ಜೋಡಿಸಬೇಡಿ. ಒಂದು ಅಖಂಡ ಭಾಗ ತೆಗೆದು, ಮೇಲೆ ‘ಇದು ದೀರ್ಘ ಪ್ರಬಂಧದ ಎರಡನೇ ಭಾಗ, ಮೊದಲ ಭಾಗದಲ್ಲಿ ಇಂಥ ವಾದವಿದೆ’ ಎಂದು ಎರಡು ಸಾಲು ಬರೆಯಿರಿ. ಆಮೇಲೆ ಮುಖ್ಯ ಕೆಲಸ: ಪ್ರತಿ ಉದ್ಧರಣೆಯನ್ನೂ ಮೂಲದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ತರಗತಿಗೆ ರಾತ್ರೋರಾತ್ರಿ ಬರೆದ ಪ್ರಬಂಧದಲ್ಲಿ ಒಂದಾದರೂ ಪುಟಸಂಖ್ಯೆ ತಪ್ಪಿರುತ್ತದೆ.

ಅನೇಕ ಪತ್ರಿಕೆಗಳು ಹೆಸರಿಲ್ಲದ ಪ್ರತಿ ಕೇಳುತ್ತವೆ. ಮೊದಲ ಪುಟದಿಂದ ಹೆಸರು ತೆಗೆದರೆ ಸಾಲದು. ಪುಟದ ಮೇಲಂಚಿನಲ್ಲಿ, ಫೈಲಿನ ಹೆಸರಿನಲ್ಲಿ, ಫೈಲಿನ ಗುಣಲಕ್ಷಣಗಳಲ್ಲಿ ಉಳಿದಿರುವುದನ್ನೂ ಅಳಿಸಿ.

ಕಿರು ಪ್ರಶ್ನೆಗಳಲ್ಲಿ ‘ನಮ್ಮ ಪತ್ರಿಕೆಯೇ ಯಾಕೆ’ ಎಂದು ಕೇಳಿದರೆ ಲಾ ಸ್ಕೂಲಿನ ಕನಸನ್ನು ಬರೆಯಬೇಡಿ. ಎಲ್ಲರೂ ಅದನ್ನೇ ಬರೆದಿರುತ್ತಾರೆ. ಎರಡನೇ ಹೆಜ್ಜೆಯಲ್ಲಿ ಓದಿದ ಲೇಖನದ ಒಂದು ನಿರ್ದಿಷ್ಟ ವಾದವನ್ನು ಎತ್ತಿಕೊಂಡು, ನೀವು ಸಂಪಾದಕರಾಗಿದ್ದರೆ ಲೇಖಕರನ್ನು ಏನು ಕೇಳುತ್ತಿದ್ದಿರಿ ಎಂದು ನಾಲ್ಕು ಸಾಲು ಬರೆಯಿರಿ.

ಹೆಜ್ಜೆ 5: ಬ್ಲೂಬುಕ್ ಎಂಬ ನೀಲಿ ಭೂತ

ಅಮೆರಿಕದ ಕಾನೂನು ಬರಹದ ಉಲ್ಲೇಖ ನಿಯಮಗಳ ಪುಸ್ತಕ ಬ್ಲೂಬುಕ್. ಮೊದಲು ಬಂದದ್ದು 1926ರಲ್ಲಿ, ತೆಳ್ಳಗಿನ ಕೈಪಿಡಿಯಾಗಿ. ಕೊಲಂಬಿಯಾ, ಹಾರ್ವರ್ಡ್, ಪೆನ್ಸಿಲ್ವೇನಿಯಾ, ಯೇಲ್ ವಿದ್ಯಾರ್ಥಿ ಪತ್ರಿಕೆಗಳು ಸೇರಿ ಹೊರತರುತ್ತವೆ. 22ನೇ ಆವೃತ್ತಿ 2025ರಲ್ಲಿ ಬಂತು. ಈಗ ಅದು ನೂರಾರು ಪುಟಗಳ ದಪ್ಪ ಪುಸ್ತಕ. ಪೂರ್ತಿ ಓದಿದವರು ಯಾರೂ ಇಲ್ಲ, ಓದಬೇಕಾಗಿಯೂ ಇಲ್ಲ. ಕೊಳ್ಳುವ ಮೊದಲು ಗ್ರಂಥಾಲಯದಲ್ಲಿ ನೋಡಿ. ಅದೇ ಪದ್ಧತಿಯನ್ನು ಉಚಿತವಾಗಿ ವಿವರಿಸುವ ‘ಇಂಡಿಗೋ ಬುಕ್’ ಅಂತರ್ಜಾಲದಲ್ಲಿದೆ. ಕೆಲವು ಅಂಡರ್‌ಗ್ರಾಜುಯೇಟ್ ಪತ್ರಿಕೆಗಳು ಬ್ಲೂಬುಕ್ ಬಿಟ್ಟು ಶಿಕಾಗೋ ಶೈಲಿ ಬಳಸುತ್ತವೆ, ಅದನ್ನು ಮೊದಲೇ ವಿಚಾರಿಸಿ.

ಪರೀಕ್ಷೆಗೆ ಮುನ್ನ ಇಷ್ಟು ಕಲಿತರೆ ಸಾಕು. ಮೊದಲನೆಯದು ತೀರ್ಪಿನ ವಿಳಾಸ ಓದುವುದು. ಶಾಲೆಗಳಲ್ಲಿ ವರ್ಣಭೇದವನ್ನು ಅಸಾಂವಿಧಾನಿಕ ಎಂದ ಬ್ರೌನ್ ವಿ. ಬೋರ್ಡ್ ಆಫ್ ಎಜುಕೇಷನ್ ತೀರ್ಪಿನ ವಿಳಾಸ 347 ಯು.ಎಸ್. 483 (1954). ಅಂದರೆ ಸುಪ್ರೀಂ ಕೋರ್ಟ್ ವರದಿಗಳ 347ನೇ ಸಂಪುಟ, 483ನೇ ಪುಟದಿಂದ ಶುರು, ವರ್ಷ 1954. ಪ್ರತ್ಯೇಕ ಶಾಲೆಗಳು ಸ್ವಭಾವತಃ ಅಸಮಾನ ಎಂಬ ಪ್ರಸಿದ್ಧ ಮಾತು ಇರುವುದು 495ನೇ ಪುಟದಲ್ಲಿ. ಅದನ್ನು ಉದ್ಧರಿಸಿದರೆ 483ರ ಪಕ್ಕ 495 ಎಂದೂ ಬರೆಯಬೇಕು. ಈ ಎರಡನೇ ಸಂಖ್ಯೆ ಇಲ್ಲದ ಉಲ್ಲೇಖವೆಂದರೆ ಮನೆ ನಂಬರ್ ಇಲ್ಲದೆ ಬೀದಿಯ ಹೆಸರು ಮಾತ್ರ ಕೊಟ್ಟಂತೆ.

ಎರಡನೆಯದು ಸೂಚಕ ಪದಗಳು. ಅಡಿಟಿಪ್ಪಣಿಯಲ್ಲಿ ಸೂಚಕವೇ ಇಲ್ಲದಿದ್ದರೆ ಮೂಲ ಆ ಮಾತನ್ನು ನೇರವಾಗಿ ಹೇಳುತ್ತದೆ ಎಂದರ್ಥ. ‘ಸೀ’ (ನೋಡಿ) ಎಂದಿದ್ದರೆ ಮೂಲ ನೇರವಾಗಿ ಹೇಳುವುದಿಲ್ಲ, ಆದರೆ ಅದರಿಂದ ಸ್ಪಷ್ಟವಾಗಿ ಊಹಿಸಬಹುದು. ಈ ಪುಟ್ಟ ಪದದ ಹಿಂದೆ ಅಡಗಿಕೊಳ್ಳುವ ಬರಹಗಾರರು ಬಹಳ, ಅವರನ್ನು ಹೊರಗೆ ಎಳೆಯುವುದೇ ಸಂಪಾದಕರ ಕೆಲಸ.

ಮೂರನೆಯದು ‘ಇಡ್.’ ಎಂಬ ಸಂಕ್ಷೇಪ. ಹಿಂದಿನ ಟಿಪ್ಪಣಿಯ ಮೂಲವೇ ಇಲ್ಲಿಯೂ ಎಂದು ಹೇಳಲು ಅದನ್ನು ಬಳಸುತ್ತಾರೆ. ಹಿಂದಿನ ಟಿಪ್ಪಣಿಯಲ್ಲಿ ಎರಡು ಮೂಲಗಳಿದ್ದರೆ ಬಳಸುವಂತಿಲ್ಲ. ಇನ್ನೂ ದೊಡ್ಡ ಅಪಾಯ ಬೇರೆಯದು. ತಿದ್ದುವಾಗ ಯಾರೋ ನಡುವೆ ಹೊಸ ಟಿಪ್ಪಣಿ ಸೇರಿಸಿದರೆ ಕೆಳಗಿನ ‘ಇಡ್.’ ಸದ್ದಿಲ್ಲದೆ ಬೇರೆ ಮೂಲಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಅನುಭವಿಗಳು ಕರಡು ಹಂತದಲ್ಲಿ ಪೂರ್ಣ ಉಲ್ಲೇಖವನ್ನೇ ಇಟ್ಟುಕೊಂಡು ‘ಇಡ್.’ಗಳನ್ನು ಕೊನೆಯ ಸುತ್ತಿನಲ್ಲಿ ಹಾಕುತ್ತಾರೆ.

ಹೆಜ್ಜೆ 6: ತಿದ್ದುವ ಪರೀಕ್ಷೆ

ಎಡಿಟರ್ ಹುದ್ದೆಗೆ ಒಂದೆರಡು ಪುಟದ ಲೇಖನ ಕೊಟ್ಟು ತಿದ್ದಿ ಎನ್ನುತ್ತಾರೆ. ತಪ್ಪುಗಳನ್ನು ಬೇಕೆಂದೇ ಹೂತಿಟ್ಟಿರುತ್ತಾರೆ. ಹೊಸಬರು ಮೊದಲು ಅಲ್ಪವಿರಾಮಗಳ ಮೇಲೆ ಬೀಳುತ್ತಾರೆ. ಕ್ರಮ ತಲೆಕೆಳಗಾಗಬೇಕು: ಮೊದಲು ವಾದ, ಆಮೇಲೆ ಆಧಾರ, ಕೊನೆಗೆ ವ್ಯಾಕರಣ. ಅಡ್ಡಕ್ಕೆ ಬೀಳಲಿರುವ ಪ್ಯಾರಾದಲ್ಲಿ ಅಲ್ಪವಿರಾಮ ಸರಿಮಾಡಿ ಏನು ಉಪಯೋಗ?

ಆಧಾರಗಳಲ್ಲಿ ಮತ್ತೆ ಮತ್ತೆ ಬರುವ ಹಳ್ಳಗಳು ಇವು.

ತೀರ್ಪು ಇನ್ನೂ ಜೀವಂತವಾಗಿದೆಯೇ? ಸರ್ಕಾರಿ ಸಂಸ್ಥೆಗಳ ಕಾನೂನು ವ್ಯಾಖ್ಯಾನಕ್ಕೆ ನ್ಯಾಯಾಲಯಗಳು ಮನ್ನಣೆ ಕೊಡಬೇಕು ಎಂದ 1984ರ ಶೆವ್ರಾನ್ ತೀರ್ಪು ನಾಲ್ಕು ದಶಕ ಪಠ್ಯಪುಸ್ತಕಗಳಲ್ಲಿ ರಾಜನಂತೆ ಮೆರೆಯಿತು. 2024ರ ಜೂನ್ 28ರಂದು ಲೋಪರ್ ಬ್ರೈಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಗರ್ಭಪಾತದ ಹಕ್ಕನ್ನು ಎತ್ತಿಹಿಡಿದಿದ್ದ 1973ರ ರೋ ವಿ. ವೇಡ್ 2022ರ ಡಾಬ್ಸ್ ತೀರ್ಪಿನಿಂದ ಹೋಯಿತು. ಹಳೆಯ ಪಠ್ಯದಿಂದ ಬರೆದವರು ಇವನ್ನು ಇನ್ನೂ ಚಾಲ್ತಿಯ ಕಾನೂನೆಂದು ಉಲ್ಲೇಖಿಸುತ್ತಾರೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೆಕ್ಸಿಸ್ ಯೂನಿ ಇದ್ದರೆ ಅದರೊಳಗಿನ ಶೆಪರ್ಡ್ಸ್ ಸೇವೆ ಒಂದು ತೀರ್ಪು ಮುಂದೆ ಏನಾಯಿತು ಎಂದು ತೋರಿಸುತ್ತದೆ.

ಮಾತು ಯಾರದು? ಭಿನ್ನಮತದ ತೀರ್ಪಿನ ಸುಂದರ ಸಾಲನ್ನು ‘ನ್ಯಾಯಾಲಯ ಹೇಳಿತು’ ಎಂದು ಬರೆಯುವುದು ಸಾಮಾನ್ಯ ತಪ್ಪು. ಭಿನ್ನಮತದ ಬರಹ ಅನೇಕ ಬಾರಿ ಬಹುಮತಕ್ಕಿಂತ ರಸವತ್ತಾಗಿರುತ್ತದೆ, ಅದಕ್ಕೇ ಮೋಸಹೋಗುತ್ತೇವೆ.

ತೀರ್ಪಿನ ಪಠ್ಯವೇ, ಸಾರಾಂಶವೇ? ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ಕಡತ ತೆರೆದರೆ ಮೊದಲ ಪುಟಗಳಲ್ಲಿ ‘ಸಿಲಬಸ್’ ಎಂಬ ಸಾರಾಂಶ ಇರುತ್ತದೆ. ಓದಲು ಬಹಳ ಅನುಕೂಲ. ಆದರೆ ಅದನ್ನು ಬರೆಯುವವರು ನ್ಯಾಯಮೂರ್ತಿಗಳಲ್ಲ, ನ್ಯಾಯಾಲಯದ ವರದಿಗಾರ ಅಧಿಕಾರಿ. ಅದು ತೀರ್ಪಿನ ಭಾಗವಲ್ಲ ಎಂದು 1906ರ ಡೆಟ್ರಾಯಿಟ್ ಟಿಂಬರ್ ಪ್ರಕರಣವನ್ನು ಉಲ್ಲೇಖಿಸಿ ಅಲ್ಲೇ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಸಿಲಬಸ್‌ನಿಂದ ಉದ್ಧರಿಸಿದ ಅಡಿಟಿಪ್ಪಣಿಯನ್ನು ಹಿಡಿದ ಅಭ್ಯರ್ಥಿ ಸಂಪಾದಕರ ಕಣ್ಣಿಗೆ ಕೂಡಲೇ ಬೀಳುತ್ತಾರೆ.

ಕೊನೆಯದು, ಆ ತೀರ್ಪು ಇದೆಯೇ? ಇದು ತಮಾಷೆಯಲ್ಲ. 2023ರಲ್ಲಿ ಮಾಟಾ ವಿ. ಅವಿಯಾಂಕಾ ಪ್ರಕರಣದಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಪರೀಕ್ಷೆಯಲ್ಲಿ ಇಂಥ ಒಂದು ಕಲ್ಪಿತ ತೀರ್ಪನ್ನು ತುರುಕಿರುವ ಸಾಧ್ಯತೆ ಈಗ ಚೆನ್ನಾಗಿದೆ. ಎಐ ಬಳಕೆಗೆ ಪತ್ರಿಕೆಯ ನಿಯಮವೇನು ಎಂದು ಅರ್ಜಿಯಲ್ಲೇ ನೋಡಿ. ನಿಯಮವೇ ಇಲ್ಲದಿದ್ದರೆ, ಕೇಳಿ.

ಟಿಪ್ಪಣಿ ಬರೆಯುವ ಧಾಟಿಯನ್ನೂ ಅಳೆಯುತ್ತಾರೆ. ‘ಇದು ತಪ್ಪು’ ಎಂದು ಬರೆದರೆ ಲೇಖಕರಿಗೆ ದಾರಿ ಸಿಗುವುದಿಲ್ಲ. ‘ಈ ಸಾಲು ಬಹುಮತದ್ದಲ್ಲ, ಭಿನ್ನಮತದ್ದು. ಬಹುಮತದಲ್ಲಿ ಇದಕ್ಕೆ ಆಧಾರ ಸಿಗದಿದ್ದರೆ ಮುಂದಿನ ಪ್ಯಾರಾದ ತೀರ್ಮಾನವೂ ಬದಲಾಗಬೇಕಲ್ಲವೇ?’ ಎಂದು ಬರೆದರೆ ಕೆಲಸ ಮುಂದುವರಿಯುತ್ತದೆ. ಲೇಖಕರ ವಾಕ್ಯವನ್ನು ನಿಮ್ಮ ಶೈಲಿಗೆ ತಿರುಗಿಸಿ ಬರೆಯುವ ಚಪಲವನ್ನು ಹತೋಟಿಯಲ್ಲಿಡಿ.

ಹೆಜ್ಜೆ 7: ಸಂದರ್ಶನ

ಎದುರು ಕೂರುವವರು ನಿಮಗಿಂತ ಎರಡು ವರ್ಷ ದೊಡ್ಡವರು ಅಷ್ಟೇ. ಲೇಖಕರು ನಿಮ್ಮ ತಿದ್ದುಪಡಿ ಒಪ್ಪದಿದ್ದರೆ ಏನು ಮಾಡುತ್ತೀರಿ, ಪರೀಕ್ಷೆಯ ವಾರದಲ್ಲೇ ಗಡುವು ಬಿದ್ದರೆ ಏನು, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ ಎಂದು ಕೇಳುತ್ತಾರೆ. ಗಂಟೆಗಳ ಪ್ರಶ್ನೆಗೆ ದೊಡ್ಡ ಸಂಖ್ಯೆ ಹೇಳಬೇಡಿ. ಅಕ್ಟೋಬರ್‌ನಲ್ಲಿ ನಾಪತ್ತೆಯಾಗುವ ಉತ್ಸಾಹಿಗಳಿಂದ ಸಂಪಾದಕರು ಬೇಸತ್ತಿರುತ್ತಾರೆ. ಕಡಿಮೆ ಹೇಳಿ, ಹೇಳಿದ್ದನ್ನು ಮಾಡುವವರೇ ಅವರಿಗೆ ಬೇಕು.

ಹೆಜ್ಜೆ 8: ಒಳಗೆ ಬಂದ ಮೇಲೆ ವಿಷಯ ಆರಿಸುವುದು

ಬರಹಗಾರರಾಗಿ ಸೇರಿದರೆ ಮೊದಲ ತೊಡಕು ಇದೇ. ‘ಡಿಜಿಟಲ್ ಯುಗದಲ್ಲಿ ಖಾಸಗಿತನ’ ಎಂಬ ಶೀರ್ಷಿಕೆ ತಂದವರನ್ನು ಸಂಪಾದಕರು ನಯವಾಗಿ ವಾಪಸ್ ಕಳಿಸುತ್ತಾರೆ. ವಿಷಯ ಕಿರಿದಾಗಬೇಕು, ಅದಕ್ಕೆ ಎರಡು ಬದಿ ಇರಬೇಕು.

ಕಿರಿದು ಮಾಡುವ ಹಳೆಯ ಉಪಾಯ ‘ಸರ್ಕ್ಯೂಟ್ ಸ್ಪ್ಲಿಟ್’ ಹುಡುಕುವುದು. ಅಮೆರಿಕದಲ್ಲಿ 13 ಫೆಡರಲ್ ಮೇಲ್ಮನವಿ ನ್ಯಾಯಾಲಯಗಳಿವೆ, ಅವನ್ನು ಸರ್ಕ್ಯೂಟ್ ಎನ್ನುತ್ತಾರೆ. ಒಂದೇ ಪ್ರಶ್ನೆಗೆ ಎರಡು ನ್ಯಾಯಾಲಯ ಬೇರೆ ಬೇರೆ ಉತ್ತರ ಕೊಟ್ಟರೆ ಅಲ್ಲಿ ಸಿದ್ಧ ವಾದವಿದೆ. ಉದಾಹರಣೆಗೆ ಜಿಯೋಫೆನ್ಸ್ ವಾರಂಟ್ ತೆಗೆದುಕೊಳ್ಳಿ. ಒಂದು ಜಾಗದಲ್ಲಿ ಅಪರಾಧ ನಡೆದ ಹೊತ್ತಿಗೆ ಅಲ್ಲಿ ಯಾವ ಯಾವ ಫೋನುಗಳಿದ್ದವು ಎಂದು ಪೊಲೀಸರು ಗೂಗಲ್‌ನಿಂದ ಮಾಹಿತಿ ಪಡೆಯುತ್ತಿದ್ದ ವಿಧಾನ ಇದು. ಫೋನಿನ ಹಿಂದಿನ ಓಡಾಟದ ದಾಖಲೆ ಪಡೆಯಲು ಸಾಮಾನ್ಯವಾಗಿ ವಾರಂಟ್ ಬೇಕು ಎಂದು ಸುಪ್ರೀಂ ಕೋರ್ಟ್ 2018ರ ಕಾರ್ಪೆಂಟರ್ ತೀರ್ಪಿನಲ್ಲಿ 5–4 ಬಹುಮತದಿಂದ ಹೇಳಿತ್ತು. 2024ರ ಜುಲೈನಲ್ಲಿ ನಾಲ್ಕನೇ ಸರ್ಕ್ಯೂಟಿನ ಪೀಠ ಶಾಟ್ರಿ ಪ್ರಕರಣದಲ್ಲಿ, ಇದು ಸಂವಿಧಾನದ ಅರ್ಥದಲ್ಲಿ ಶೋಧವೇ ಅಲ್ಲ ಎಂದಿತು. ಮರು ತಿಂಗಳೇ ಐದನೇ ಸರ್ಕ್ಯೂಟ್ ಸ್ಮಿತ್ ಪ್ರಕರಣದಲ್ಲಿ, ಇಂಥ ವಾರಂಟ್‌ಗಳನ್ನು, ಅನುಚಿತ ಶೋಧದಿಂದ ಜನರನ್ನು ಕಾಯುವ ಸಂವಿಧಾನದ ನಾಲ್ಕನೇ ತಿದ್ದುಪಡಿ ನಿಷೇಧಿಸುತ್ತದೆ ಎಂದಿತು.

ಸುದ್ದಿಯ ತಲೆಬರಹ ಓದಿದವರಿಗೆ ಆರೋಪಿ ಸ್ಮಿತ್ ಗೆದ್ದಂತೆ ಕಾಣುತ್ತದೆ. ತೀರ್ಪನ್ನು ಕೊನೆಯವರೆಗೆ ಓದಿದರೆ ಬೇರೆಯೇ ಕಥೆ: ತನಿಖಾಧಿಕಾರಿಗಳು ಸದ್ಭಾವನೆಯಿಂದ ನಡೆದುಕೊಂಡಿದ್ದರು ಎಂಬ ಕಾರಣಕ್ಕೆ ಸಾಕ್ಷ್ಯ ಉಳಿಯಿತು, ಶಿಕ್ಷೆಯೂ ಉಳಿಯಿತು. ತತ್ತ್ವದಲ್ಲಿ ಗೆದ್ದು ಫಲದಲ್ಲಿ ಸೋತ ಈ ಅಂತರದಲ್ಲೇ ಒಂದು ಒಳ್ಳೆಯ ಲೇಖನ ಅಡಗಿದೆ. ಹಕ್ಕು ಉಲ್ಲಂಘನೆಯಾಗಿದೆ, ಆದರೆ ಪರಿಹಾರವಿಲ್ಲ ಎಂದಾದರೆ ಆ ಹಕ್ಕಿನ ಬೆಲೆಯೇನು? ಇದು ಒಬ್ಬ ಪದವಿ ವಿದ್ಯಾರ್ಥಿ ಹಿಡಿಯಬಲ್ಲ ಗಾತ್ರದ ಪ್ರಶ್ನೆ.

ಎಚ್ಚರವೂ ಇಲ್ಲೇ ಬೇಕು. ನಾಲ್ಕನೇ ಸರ್ಕ್ಯೂಟ್ ಶಾಟ್ರಿ ಪ್ರಕರಣವನ್ನು ಪೂರ್ಣ ಪೀಠದಲ್ಲಿ ಮತ್ತೆ ಕೇಳಿತು. 2025ರ ಏಪ್ರಿಲ್‌ನಲ್ಲಿ ಕೆಳ ನ್ಯಾಯಾಲಯದ ಆದೇಶವನ್ನು ಒಂದೇ ವಾಕ್ಯದಲ್ಲಿ ಎತ್ತಿಹಿಡಿದು, ಕಾರಣಗಳ ಬಗ್ಗೆ ನ್ಯಾಯಾಧೀಶರು ಪ್ರತ್ಯೇಕ ಅಭಿಪ್ರಾಯಗಳ ಸರಮಾಲೆಯನ್ನೇ ಬರೆದರು. 2024ರ ಶರತ್ಕಾಲದಲ್ಲಿ ಲೇಖನ ಶುರುಮಾಡಿದವರ ಕಾಲಡಿಯ ನೆಲ ವಸಂತದ ಹೊತ್ತಿಗೆ ಸರಿದಿತ್ತು. ಬಿಸಿ ವಿಷಯ ಆರಿಸಿದರೆ ಅಚ್ಚಿಗೆ ಹೋಗುವ ಹಿಂದಿನ ದಿನವೂ ಪ್ರಕರಣದ ಸ್ಥಿತಿ ನೋಡಬೇಕು.

ವಿಷಯ ಸಿಕ್ಕಿತೆಂದು ಕುಣಿಯುವ ಮುನ್ನ ಅದೇ ವಾದವನ್ನು ಬೇರೆಯವರು ಮಾಡಿದ್ದಾರೆಯೇ ನೋಡಿ. ಗೂಗಲ್ ಸ್ಕಾಲರ್, ಎಸ್‌ಎಸ್‌ಆರ್‌ಎನ್, ಗ್ರಂಥಾಲಯದ ಮೂಲಕ ಹೈನ್‌ಆನ್‌ಲೈನ್ ಹುಡುಕಿದರೆ ತಿಳಿಯುತ್ತದೆ. ಯಾರೋ ಬರೆದಿದ್ದರೆ ಬಿಡಬೇಕೆಂದಿಲ್ಲ, ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಮುಂದೆ ಹೋಗಿ.

ಹಣ ಕೊಡದೆ ಮೂಲ ಓದುವ ದಾರಿಗಳು ಬೇಕಾದಷ್ಟಿವೆ. ತೀರ್ಪುಗಳಿಗೆ ಗೂಗಲ್ ಸ್ಕಾಲರ್, ಕೋರ್ಟ್‌ಲಿಸನರ್, ಜಸ್ಟಿಯಾ. ಕಾಯ್ದೆಗಳಿಗೆ ಕಾರ್ನೆಲ್‌ನ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್. ಸುಪ್ರೀಂ ಕೋರ್ಟಿನ ಮೌಖಿಕ ವಾದದ ಧ್ವನಿಮುದ್ರಣ ಕೇಳಲು ಓಯೆಜ್. ನ್ಯಾಯಮೂರ್ತಿಗಳಿಗೆ ಯಾವ ವಾದ ಚುಚ್ಚಿತು ಎಂಬುದು ತೀರ್ಪಿಗಿಂತ ಅಲ್ಲಿ ಚೆನ್ನಾಗಿ ಕೇಳಿಸುತ್ತದೆ. ಫೆಡರಲ್ ನ್ಯಾಯಾಲಯಗಳಲ್ಲಿ ಸಲ್ಲಿಸಿದ ಅರ್ಜಿ, ಪ್ರಮಾಣಪತ್ರಗಳು ಬೇಕಿದ್ದರೆ ಪೇಸರ್ ಇದೆ. ಅದಕ್ಕೆ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ ಸಾಮಾನ್ಯವಾಗಿ 3 ಡಾಲರ್. ಮೂರು ತಿಂಗಳಲ್ಲಿ ಬಿಲ್ 30 ಡಾಲರ್ ದಾಟದಿದ್ದರೆ ಕಟ್ಟಬೇಕಾಗಿಲ್ಲ. ಬೇರೆಯವರು ಈಗಾಗಲೇ ಕೊಂಡು ಹಂಚಿದ ದಾಖಲೆಗಳು ಕೋರ್ಟ್‌ಲಿಸನರ್‌ನ ರೀಕ್ಯಾಪ್ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತವೆ, ಆದ್ದರಿಂದ ಮೊದಲು ಅಲ್ಲಿ ನೋಡಿ.

ಹೆಜ್ಜೆ 9: ತಿದ್ದಿಸಿಕೊಳ್ಳುವುದು

ಮೊದಲ ಕರಡು ವಾಪಸ್ ಬಂದಾಗ ಅಂಚಿನಲ್ಲಿ ಟಿಪ್ಪಣಿಗಳ ಮಳೆ. ಎಲ್ಲವನ್ನೂ ಒಪ್ಪಿ ಗುಂಡಿ ಒತ್ತಿಬಿಡುವುದು ಸೋಮಾರಿತನ. ಎಲ್ಲದಕ್ಕೂ ಜಗಳ ಕಾಯುವುದು ಅದಕ್ಕಿಂತ ಕೆಟ್ಟದ್ದು. ಪ್ರತಿ ಟಿಪ್ಪಣಿಗೂ ಒಂದು ಸಾಲಿನ ಉತ್ತರ ಬರೆಯಿರಿ: ಒಪ್ಪಿದೆ, ಬದಲಿಸಿದೆ, ಅಥವಾ ಇಂಥ ಕಾರಣಕ್ಕೆ ಹಾಗೇ ಬಿಟ್ಟಿದ್ದೇನೆ. ಸಂಪಾದಕರು ನಿಮ್ಮ ವಾಕ್ಯವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅವರನ್ನು ದೂರುವ ಮುನ್ನ ವಾಕ್ಯವನ್ನು ಮತ್ತೊಮ್ಮೆ ಓದಿ, ಅನೇಕ ಬಾರಿ ದೋಷ ಅಲ್ಲೇ ಇರುತ್ತದೆ.

ಸೈಟ್ ಚೆಕ್ ಮಾಡುವವರಿಗೆ ಅನುಕೂಲವಾಗಲೆಂದು ನೀವು ಬಳಸಿದ ಪ್ರತಿ ಮೂಲದ ಪಿಡಿಎಫ್ ಅನ್ನು ಟಿಪ್ಪಣಿಯ ಸಂಖ್ಯೆಯೊಂದಿಗೆ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿರಿ. ಇದನ್ನು ಮೊದಲ ದಿನದಿಂದಲೇ ಮಾಡಬೇಕು. ಕೊನೆಯಲ್ಲಿ ಹುಡುಕಲು ಹೊರಟರೆ ನೀವು ನೋಡಿದ ಅಂತರ್ಜಾಲ ಪುಟವೇ ಬದಲಾಗಿರುತ್ತದೆ.

ಆಯ್ಕೆಯಾಗದಿದ್ದರೆ

ಬಹಳ ಪತ್ರಿಕೆಗಳಿಗೆ ಬರುವ ಅರ್ಜಿಗಳು ಇರುವ ಜಾಗಕ್ಕಿಂತ ಎಷ್ಟೋ ಹೆಚ್ಚು. ನಿರಾಕರಣೆಯ ಮಿಂಚಂಚೆಗೆ ನಯವಾಗಿ ಉತ್ತರಿಸಿ, ಮಾದರಿಯಲ್ಲಿ ಯಾವುದು ದುರ್ಬಲವೆನಿಸಿತು ಎಂದು ಒಂದೇ ಪ್ರಶ್ನೆ ಕೇಳಿ. ಕೆಲವರು ಉತ್ತರಿಸುತ್ತಾರೆ. ಮುಂದಿನ ಸೆಮಿಸ್ಟರಿನಲ್ಲಿ ಬೇರೆ ಮಾದರಿಯೊಂದಿಗೆ ಮತ್ತೆ ಅರ್ಜಿ ಹಾಕುವುದಕ್ಕೆ ಯಾವ ಸಂಕೋಚವೂ ಬೇಡ.

ಇನ್ನೊಂದು ಬಾಗಿಲಿದೆ. ಹಲವು ಅಂಡರ್‌ಗ್ರಾಜುಯೇಟ್ ಪತ್ರಿಕೆಗಳು ಸದಸ್ಯರಲ್ಲದವರ, ಬೇರೆ ವಿಶ್ವವಿದ್ಯಾಲಯದವರ ಲೇಖನಗಳನ್ನೂ ಪರಿಗಣಿಸುತ್ತವೆ. ನಿಮ್ಮ ಕಾಲೇಜಿನಲ್ಲಿ ಇಂಥ ಪತ್ರಿಕೆಯೇ ಇಲ್ಲದಿದ್ದರೆ ಇದೇ ದಾರಿ. ಕಳಿಸುವ ಮುನ್ನ ಅದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಸಲ್ಲಿಸಲು ಅವರ ನಿಯಮ ಬಿಡುತ್ತದೆಯೇ ಎಂದು ಓದಿ. ಬಿಡುತ್ತದಾದರೂ, ಒಂದು ಕಡೆ ಸ್ವೀಕಾರವಾದ ದಿನವೇ ಉಳಿದವರಿಗೆ ಲೇಖನ ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆಯಿರಿ. ಅಷ್ಟರಲ್ಲಿ ಅಲ್ಲಿ ಯಾರೋ ನಿಮ್ಮ ಅಡಿಟಿಪ್ಪಣಿಗಳನ್ನು ತಾಳೆ ನೋಡಲು ಕುಳಿತಿರಬಹುದು.